ಸೀಮೆ ದಾಟಿಸಿದ ವಾದ

ಕಾಲೇಜಿನ ಡಿಬೇಟಿನಲ್ಲಿ ನಾನು ಮೂರು ಸಲ ಕಪ್ ಗೆದ್ದವನು. ಹೋದ ವಾರ ನಮ್ಮೂರ ಗುಡಿಯ ಕಟ್ಟೆಯ ಮೇಲೂ ಒಂದು ವಾದ ಗೆದ್ದೆ. ಈಗ ಆ ಕಟ್ಟೆಯನ್ನು ತಪ್ಪಿಸಿ ಸುತ್ತುಬಳಸಿ ಓಡಾಡುತ್ತಿದ್ದೇನೆ.

ನಮ್ಮ ಕುಂದಗೋಳ ಕಡೆ ಕಾಲರಾ ಎದ್ದಿರುವುದು ನಿಮಗೂ ಗೊತ್ತು. ನಮ್ಮೂರಲ್ಲಿ ಇಬ್ಬರು ಹೋದರು. ಸೂಜಿ ಹಾಕುವವರು ಇನ್ನೂ ಬಂದಿರಲಿಲ್ಲ. ಹಿರಿಯರು ಸೇರಿ ಬೇನೆಯ ದೇವಿ ದುರಗವ್ವನನ್ನು ಸೀಮೆ ದಾಟಿಸಲು ನಿಶ್ಚಯಿಸಿದರು. ಮೊರದಲ್ಲಿ ಬೇವು, ಅರಿಸಿನದ ಅನ್ನ, ಹಸಿರು ಬಳೆ ಇಟ್ಟು ಪಕ್ಕದೂರಿನ ಗಡಿಯೊಳಗೆ ಬಿಟ್ಟು ಬಂದರಾಯಿತು, ಬೇನೆ ಅವರ ಪಾಲು. (ನೆರೆಹೊರೆಯ ಪ್ರೀತಿ ಎಂದರೆ ಇದು!)

"ಬ್ಯಾನಿ ಮೊರದಾಗ ಕುಂತು ಹೋಗತೈತೇನ್ರಿ ಕಾಕಾ?" ಎಂದು ನಕ್ಕೆ.

"ನಿನ್ನ ಇಂಗ್ಲಿಷ್ ಕಾಲೇಜಿನ್ಯಾಗ ಇಟ್ಕೋಲೇ," ಎಂದರು ಹಿರಿಯರಾದ ಬಸಪ್ಪ ಕಾಕಾ. "ನಾಳೆ ಮೂಡಲಕ್ಕ ಒಯ್ಯೂಣು."

ಮೂಡಲ ಊರಿಗೇ ನನ್ನ ಅಕ್ಕನನ್ನು ಕೊಟ್ಟಿದೆ. ಅವಳಿಗೆ ಎರಡು ತಿಂಗಳ ಕೂಸು. ಅವ್ವ ನನ್ನ ರಟ್ಟೆ ಹಿಡಿದಳು. "ಮಾತಾಡಾಕ ಕಲ್ತೀಯಲ್ಲೋ ಯಪ್ಪಾ, ಈಗ ಮಾತಾಡು!"

ಮಾತಾಡಿದೆ. ದೇವಿಯೇ ಇಲ್ಲ ಎನ್ನುವವನು ಆಕೆಗೆ ದಿಕ್ಕು ತೋರಿಸಿದೆ! "ಅಜ್ಜಾರ ಕಾಲಕ್ಕ ಪಡುವಲಕ್ಕ ಒಯ್ದಾಗನ ಬ್ಯಾನಿ ನಿಂತಿತ್ತಲ್ರಿ?" (ಆ ಇತಿಹಾಸ ಆ ಕ್ಷಣ ನಾನೇ ಹುಟ್ಟಿಸಿದ್ದು.) ಮುದುಕರೊಬ್ಬರು ತಲೆದೂಗಿದರು: "ಹೌದ್ಹೌದು, ನನಗ ಅಗದಿ ನೆಪ್ಪೈತಿ."

ಮೊರ ಪಡುವಲಕ್ಕೆ ಹೋಯಿತು. ಒಂದು ಮೊರ ಅನ್ನದಿಂದ ಯಾರಿಗೇನು ಹಾನಿ?

ನಾಲ್ಕೇ ದಿನ. ಪಡುವಲ ಊರಿನಲ್ಲಿ ವಾಂತಿ-ಭೇದಿ ಶುರುವಾಯಿತು.

"ನೋಡಿದ್ಯೇನಲೇ, ದುರಗವ್ವ ಹೆಂಗ ಹೋದ್ಲು!" ಎಂದು ಬಸಪ್ಪ ಕಾಕಾ ಹಿಗ್ಗಿದರು. ಕಾಕತಾಳೀಯ ಎಂದು ನಾನು ವಾದಕ್ಕೆ ನಿಂತೆ. ಅಷ್ಟರಲ್ಲಿ ಸೂಜಿಯ ಪೆಟ್ಟಿಗೆ ಹಿಡಿದು ಹೆಲ್ತ್ ಇನ್‌ಸ್ಪೆಕ್ಟರ್ ಬಂದರು. ಪಡುವಲ ಊರಿನಿಂದಲೇ ಬಂದಿದ್ದರು. ಅಲ್ಲಿ ಹಿಂದಿನ ದಿನ ಒಂದು ಕೂಸು ತೀರಿತ್ತು.

ಮೊರ ಹೊತ್ತವರನ್ನು ಕರೆಸಿದರು. "ಬಿಟ್ಟು ಬಂದ ಮ್ಯಾಲೆ ಏನ್ ಮಾಡಿದ್ರಿ?"

"ಜಳಕಾ ಮಾಡಿ, ಹಿಂದ ನೋಡದನ ಬಂದ್ವಿರಿ. ಅದು ಪದ್ಧತಿರಿ."

"ಜಳಕಾ ಎಲ್ಲಿ?"

"ಅವರ ಕೆರಿಯಾಗ್ರಿ. ನಮ್ಮ ಕೆರಿ ಯಾಕ ಮೈಲಿಗಿ ಮಾಡೂದ್ರಿ?"

ಇನ್ನೊಬ್ಬ ನಾಚುತ್ತ ಸೇರಿಸಿದ: "ನನಗ ಹಿಂದಿನ ದಿನದಿಂದನ ಹೊಟ್ಟಿ ಜಾಡಿಸಾಕತ್ತಿತ್ರಿ. ಅಲ್ಲೇ ದಂಡಿಗಿ ಕುಂತು, ಕೆರಿಯಾಗ ತೊಳಕೊಂಡ್ನಿರಿ."

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಬಾವಿ ನೀರೆಲ್ಲ ಸವಳು. ಇಡೀ ಊರು ಕುಡಿಯುವುದು ಕೆರೆಯ ನೀರನ್ನೇ.

ಬೇನೆ ನಿಜವಾಗಿಯೂ ಸೀಮೆ ದಾಟಿತ್ತು! ಮೊರದಲ್ಲಿ ಕುಳಿತಲ್ಲ, ಹೊತ್ತವನ ಹೊಟ್ಟೆಯಲ್ಲಿ. ದಿಕ್ಕು ಮಾತ್ರ ನನ್ನದು. ಮೊರವನ್ನೇ ಕಳಿಸಬೇಡಿ, ನೀರು ಕಾಸಿ ಕುಡಿಯಿರಿ ಎಂದು ಅದೇ ಕಟ್ಟೆಯ ಮೇಲೆ ಕೂಗಬಹುದಿತ್ತಲ್ಲ? ಕೂಗಲಿಲ್ಲ. ಗೆಲ್ಲುವುದೊಂದನ್ನೇ ಕಲಿತ ನಾಲಿಗೆ ಇದು.

ನಿನ್ನೆ ಅವ್ವ ಊರೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗನ ಮಾತಿನಿಂದ ಮೊಮ್ಮಗ ಉಳದ."

ಪಡುವಲ ಊರಿನ ಆ ಕೂಸಿಗೂ ಒಬ್ಬ ಸೋದರಮಾವ ಇರುತ್ತಾನಲ್ಲ, ಅವನಿಗೆ ನಾನು ಏನೆಂದು ವಾದಿಸಲಿ?