ಭಟ್ಟಿಯ ಮುಂದಿನ ಒಂದು ತಾಸು

ಮೊನ್ನೆ ಕ್ರಿಕೆಟ್ ನೋಡಲು ಮಗನ ಗೆಳೆಯರು ಮನೆ ತುಂಬ ಸೇರಿದ್ದರು. ಸೊಸೆ ಕೋಳಿ ರೆಕ್ಕೆಗಳಿಗೆ ಮಸಾಲೆ ಹಚ್ಚಿ ಓವನ್ನಿನಲ್ಲಿಟ್ಟಿದ್ದಳು. ಮೊಸರು, ಬೆಳ್ಳುಳ್ಳಿ, ಕೆಂಪು ಖಾರ ಬೆಂದು ಕೆಂಪಗಾಗುವ ಆ ವಾಸನೆ ಬಂತು... ನಾನು ಎದ್ದು ಹೊರಗೆ ಹೋದೆ.

ಎಂಬತ್ತರ ದಶಕದ ಆರಂಭ. ನಾನು ಗಂಗಾವತಿಯ ಕಚೇರಿಯೊಂದರಲ್ಲಿ ಗುಮಾಸ್ತ, ಇನ್ನೂ ಕಾಯಂ ಆಗಿರಲಿಲ್ಲ. ಬಾಡಿಗೆ ಕೋಣೆ ಒಂದು ಬೇಕರಿಯ ಹಿಂದೆ. ಬೇಕರಿಯವರನ್ನು ಓಣಿಯೆಲ್ಲ ಚಾಚಾ ಎನ್ನುತ್ತಿತ್ತು. ಕೊಪ್ಪಳದಲ್ಲಿ ಅವರು ವಾಲಿಬಾಲ್ ಆಡುವಾಗ ಅವರ ಹೊಡೆತಕ್ಕೆ ಕೈಯೊಡ್ಡಲು ಎದುರಿನವರು ಹೆದರುತ್ತಿದ್ದರಂತೆ. ಮನೆ ಅಳಿಯನಾಗಿ ಇಲ್ಲಿಗೆ ಬಂದ ವರ್ಷವೇ ಮಾವನಿಗೆ ಲಕ್ವಾ ಹೊಡೆಯಿತು. ಮಾವನ ಬೇಕರಿ, ಅದರ ಕಟ್ಟಿಗೆ ಭಟ್ಟಿ, ಇವರ ಕೊರಳಿಗೆ ಬಿತ್ತು. ಹೆಂಡತಿ ಅಂಗಡಿಯನ್ನೂ ಹಾಸಿಗೆ ಹಿಡಿದ ತಂದೆಯನ್ನೂ ನೋಡಿಕೊಳ್ಳಬೇಕು. ಇವರು ಕಟ್ಟಿಗೆ ಒಟ್ಟಬೇಕು, ಹಿಟ್ಟು ನಾದಬೇಕು, ಬ್ರೆಡ್ ಸುಡಬೇಕು. ಭಟ್ಟಿಯ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯಾಚೆಗೇ ಮೈದಾನ. ಚೆಂಡಿನ ಸದ್ದಿಗೆ ಕಿವಿಗೊಟ್ಟು, “ಇದು ಹೊರಗ ಬಿತ್ತು ನೋಡ್ರಿ” ಎನ್ನುತ್ತಿದ್ದರು. ಬಹಳ ಸಲ ನಿಜವೇ ಆಗಿರುತ್ತಿತ್ತು.

ಪಂದ್ಯದ ದಿನ ಮೈದಾನಕ್ಕೆಲ್ಲ ಅವರದೇ ಕೋಳಿ ರೆಕ್ಕೆ. ಬೆಳಿಗ್ಗೆಯೇ ಮೊಸರು, ಉಪ್ಪು, ಖಾರ, ಬೆಳ್ಳುಳ್ಳಿ ಹಚ್ಚಿ ನೆನೆಯಿಡುತ್ತಿದ್ದರು. ಬ್ರೆಡ್ ತೆಗೆದ ಮೇಲೆ ಉಳಿದ ಕಾವಿಗೆ ತಟ್ಟೆಗಳನ್ನು ತಳ್ಳುವುದು, ನಡುವೆ ಒಮ್ಮೆ ಮಗುಚುವುದು, ಅಷ್ಟೇ.

ಆ ವರ್ಷ ವಾಲಿಬಾಲ್ ಫೈನಲ್‌ಗೆ ಎರಡು ದಿನ ಮುಂಚೆ ಚಾಚಾ ನನ್ನ ಬಾಗಿಲಿಗೆ ಬಂದರು. ಏನನ್ನೂ ಕೇಳಿ ಅಭ್ಯಾಸವಿಲ್ಲದವರು...

“ಸಾಹೇಬ್ರ, ಒಂದ್ ತಾಸು ಭಟ್ಟಿ ಮುಂದ ಕುಂದ್ರತೀರೇನ್ರಿ? ಹುಡುಗ್ರು ಟೀಮಿನ್ಯಾಗ ನನ್ನ ಹೆಸರು ಬರಕೊಂಡಾರ. ಚೆಂಡು ಮುಟ್ಟಿ ಹನ್ನೆರಡು ವರ್ಷ ಆತು.”

“ಅದೇನ್ ದೊಡ್ಡ ಮಾತ್ರಿ ಚಾಚಾ! ನೀವು ಆಡ್ರಿ, ನಾ ಕುಂದರ್ತೀನಿ” ಎಂದೆ. ತಟ್ಟೆ ಯಾವಾಗ ಮಗುಚಬೇಕೆಂದು ಅವರು ಎರಡೆರಡು ಸಲ ತೋರಿಸಿಕೊಟ್ಟರು.

ಫೈನಲ್ ದಿನ ಇಳಿಹೊತ್ತಿನಲ್ಲಿ, ಜನ ಎಷ್ಟು ಸೇರಿದ್ದಾರೆ ನೋಡಿ ಬರೋಣವೆಂದು ಮೊದಲು ಮೈದಾನಕ್ಕೆ ಹೋದೆ. ನಮ್ಮ ಕಚೇರಿಯ ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿದ್ದರು. “ಯಾಕ ನಿಂತೀರಿ? ಬರ್ರಿ, ಕೂಡ್ರಿ” ಎಂದು ಪಕ್ಕದ ಕುರ್ಚಿ ತೋರಿಸಿದರು. ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರು ಅವರು. ಬ್ರೆಡ್ಡಿನ ಭಟ್ಟಿ ಕಾಯಬೇಕು ಎಂದು ಅವರಿಗೆ ಹೇಗೆ ಹೇಳಲಿ? ಐದು ನಿಮಿಷ ಕುಳಿತು ಏಳುತ್ತೇನೆ ಅಂದುಕೊಂಡೆ. ಹುಡುಗರು ಚಾಚಾ ಬರುತ್ತಾರೆಂದು ಗೇಟಿನ ಕಡೆ ನೋಡಿ ನೋಡಿ, ಕೊನೆಗೆ ಬೇರೊಬ್ಬನನ್ನು ಇಳಿಸಿದರು. ಮೊದಲ ಸೆಟ್ ಮುಗಿಯಿತು, ಎರಡನೆಯದೂ ಮುಗಿಯಿತು. ನನ್ನ ತೊಡೆಗಳು ಕುರ್ಚಿಗೆ ಅಂಟಿಕೊಂಡಂತಾಗಿದ್ದವು.

ಆಮೇಲೆ ಚಾಚಾ ತಾವೇ ತಟ್ಟೆ ಹೊತ್ತು ಬಂದರು. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಲುಂಗಿಯ ಕೆಳಗೆ ಆಟದ ನೀಲಿ ಚಡ್ಡಿಯ ಅಂಚು ಕಾಣುತ್ತಿತ್ತು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಲೇಸು ಬಿಗಿದು ಕಟ್ಟಿತ್ತು. ಸಾಹೇಬರ ಮುಂದೆ ತಟ್ಟೆಯಿಟ್ಟರು. ನನ್ನನ್ನೂ ನೋಡಿದರು.

“ಬಿಸಿ ಅದಾವ್ರಿ. ತಿನ್ರಿ.”

ಅಷ್ಟೇ ಹೇಳಿ, ಅಂಕಣದ ಕಡೆ ಒಮ್ಮೆಯೂ ತಿರುಗದೆ ಹೋಗಿಬಿಟ್ಟರು. ಸಾಹೇಬರು ಒಂದು ರೆಕ್ಕೆ ನನ್ನ ಕೈಗಿತ್ತರು. ತಿಂದೆ...

ಮರುದಿನವೂ ಚಾಚಾ ಎಂದಿನಂತೆ ನನ್ನ ಕೋಣೆಗೆ ಬನ್ ಕಳಿಸಿದರು. ಕೆಲವು ತಿಂಗಳಲ್ಲಿ ನಾನು ಕಾಯಂ ಆಗಿ ಯಲಬುರ್ಗಾಕ್ಕೆ ಹೊರಟೆ. ಹೇಳಿ ಬರಲು ಹೋದಾಗ, “ಚಾಚಾ, ಅವತ್ತು...” ಎಂದೆ. “ಹೋಗ್ಲಿ ಬಿಡ್ರಿ” ಎಂದು ಅವರು ಬೆಂಕಿಯ ಕಡೆ ತಿರುಗಿದರು. ಐದಾರು ವರ್ಷಕ್ಕೆ, ಮಾವ ಇನ್ನೂ ಬದುಕಿರುವಾಗಲೇ, ಎದೆನೋವಿನಿಂದ ಅವರು ಹೋದರೆಂದು ಕೇಳಿದೆ.

ನಿವೃತ್ತನಾದ ಮೇಲೆ ಒಮ್ಮೆ ಅವರ ಹೆಂಡತಿಯನ್ನು ಹುಡುಕಿಕೊಂಡು ಹೋದೆ. ಗುರುತು ಹಿಡಿದು ಚಹಾ ಕೊಟ್ಟರು. ನಡೆದದ್ದನ್ನೆಲ್ಲ ಹೇಳಿಕೊಂಡೆ. ಆ ತಾಯಿ ಖಾಲಿ ಲೋಟ ಎತ್ತಿಕೊಂಡರು.

“ನಿಮ್ಮ ಮ್ಯಾಲೆ ಅವ್ರಿಗೆ ಸಿಟ್ಟಿರಲಿಲ್ರಿ. ಆದ್ರ ಅವತ್ತಿಂದ ಯಾರನ್ನೂ ಏನೂ ಕೇಳಲಿಲ್ಲ.”

ಅವರೂ ಈಗಿಲ್ಲ. ಈ ಮಾತು ಹೇಳಿಕೊಳ್ಳಲು ನನಗೆ ಆ ಊರಲ್ಲಿ ಇನ್ನು ಯಾರೂ ಉಳಿದಿಲ್ಲ.