ಕೂರ್ಮಪ್ಪನನ್ನು ಉಲ್ಲಾಳ ಕೆರೆಗೆ ಬಿಟ್ಟದ್ದು

ನವೆಂಬರ್ 16, ಭಾನುವಾರ, ಬೆಳಿಗ್ಗೆ 6.40. ಮಾರೇನಹಳ್ಳಿಯ ನಮ್ಮ ಬೀದಿಯಿಂದ ಹೊರಟೆವು: ನಾನು, ಪಕ್ಕದ ಮನೆಯ ರುಕ್ಕಮ್ಮಜ್ಜಿ, ಬೆತ್ತದ ಬುಟ್ಟಿಯಲ್ಲಿ ಅವರ ಆಮೆ. ಮೋಡ ಕವಿದಿತ್ತು, ಸಣ್ಣ ಚಳಿ.

ಅದು ಅಜ್ಜಿಯ ಯಜಮಾನರು ತಂದ ಆಮೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿದ್ದವು. ದೇವರ ಮನೆಯ ಮೂಲೆಯಲ್ಲಿ ಅದರ ವಾಸ. ದಿನವೂ ಪೂಜೆಯಾದ ಮೇಲೆ ಅದರ ಬೆನ್ನಿಗೂ ಒಂದು ಬೊಟ್ಟು ಗಂಧ, ಬಾಯಿಗೆ ದಾಸವಾಳ. ಕೂರ್ಮಾವತಾರವೇ ಮನೆಗೆ ಬಂದಿದೆ ಎಂದು ನಂಬಿದ್ದ ಅಜ್ಜಿ ಅದನ್ನು ಕೂರ್ಮಪ್ಪ ಎಂದೇ ಕರೆಯುತ್ತಿದ್ದರು.

ಇಂಥ ಆಮೆ ಸಾಕಿದರೆ ಕೇಸಾಗುತ್ತದೆ ಎಂದು ಕಳೆದ ವಾರ ಮಹಡಿ ಮನೆಯವರು ಹೆದರಿಸಿದರು. ಅರಣ್ಯ ಇಲಾಖೆಗೆ ಒಪ್ಪಿಸೋಣ ಎಂದೆ.

"ದೇವರನ್ನ ಆಫೀಸಿಗೆ ಕೊಟ್ಟು ಬರೋದೇನೇ? ನೀರಲ್ಲಿ ಅವತಾರ ಎತ್ತಿದವನು, ನೀರಿಗೇ ಬಿಡೋಣ" ಎಂದರು ಅಜ್ಜಿ.

ಬಸ್ಸಿನಲ್ಲಿ ನಮ್ಮಿಬ್ಬರಿಗೂ ಉಚಿತ ಟಿಕೆಟ್. ಕಂಡಕ್ಟರ್ ಬುಟ್ಟಿಯ ಕಡೆ ಬಗ್ಗಿದರು. "ಒಳಗೇನಮ್ಮಾ?"

"ದೇವರು."

"ಗಂಡು ದೇವ್ರಾ, ಹೆಣ್ಣು ದೇವ್ರಾ? ಹೆಣ್ಣಾದ್ರೆ ಫ್ರೀ."

"ಗಂಡೇ ಕಣಪ್ಪ, ಸಾಕ್ಷಾತ್ ವಿಷ್ಣು. ಟಿಕೆಟ್ ಹರೀತೀಯೇನು?"

ಸುತ್ತಲಿನವರು ನಕ್ಕರು. ಎದುರು ಸೀಟಿನಲ್ಲಿ ಹಾಸ್ಟೆಲಿಗೆ ಮರಳುತ್ತಿದ್ದ ವಿದ್ಯಾರ್ಥಿನಿ ಮಾತ್ರ ನಗದೆ ಬುಟ್ಟಿಯೊಳಗೆ ಇಣುಕಿದಳು. "ಅಜ್ಜಿ, ಇದು ಹೊಲದಾಗ ಅಡ್ಡಾಡೋ ಆಮೆರಿ. ನಮ್ಮ ಕೊಪ್ಪಳದ ಕಡೆ ನೋಡೀನಿ. ನೀರಾಗ ಬಿಡಬ್ಯಾಡ್ರಿ."

ಅಜ್ಜಿ ಅವಳ ಕೆನ್ನೆ ಸವರಿದರು. "ಸಮುದ್ರದಲ್ಲಿ ಬೆಟ್ಟ ಹೊತ್ತವನಮ್ಮ ಇವನು. ಈ ಕೆರೆ ಇವನಿಗೆ ಎಷ್ಟರದ್ದು?"

ನನಗೆ ಅನುಮಾನ ಬಂತು. ಆದರೆ ಅವರ ಮುಖ ನೋಡಿ ಸುಮ್ಮನಾದೆ.

7.35ಕ್ಕೆ ಉಲ್ಲಾಳ ಕೆರೆ. ಗಾಳಿಯಿರಲಿಲ್ಲ. ಅಜ್ಜಿ ಗಂಧ ಹಚ್ಚಿ, ಒಂದು ಹೋಳು ಸೌತೆಕಾಯಿ ತಿನ್ನಿಸಿ, ಎರಡೂ ಕೈಯಿಂದ ಕೂರ್ಮಪ್ಪನನ್ನು ನೀರಿಗೆ ಬಿಟ್ಟರು. ಅವನು ಈಜಲಿಲ್ಲ. ಕಾಲು ಬಡಿದ, ಕಲ್ಲಿನ ಹಾಗೆ ಇಳಿದುಹೋದ. ಒಂದಷ್ಟು ಗುಳ್ಳೆ ಎದ್ದವು.

"ಪಾತಾಳಕ್ಕೆ ಇಳಿದ ನೋಡು" ಎಂದು ಅಜ್ಜಿ ಕೈಮುಗಿದರು. ಮುಗಿದ ಕೈ ಹಾಗೇ ಇತ್ತು. ಗುಳ್ಳೆಗಳು ನಿಂತವು. ನಾನು ಮೊಣಕಾಲವರೆಗೂ ನೀರಿಗಿಳಿದು ತಡಕಾಡಿದೆ. ಕೆಸರು, ಜೊಂಡಿನ ಬೇರು ಬಿಟ್ಟರೆ ಏನೂ ಸಿಗಲಿಲ್ಲ.

ದಡಕ್ಕೆ ಬಂದಾಗ ಅಜ್ಜಿ ಕೇಳಿದರು: "ಆ ಹುಡುಗಿ ಯಾವೂರು ಅಂದ್ಲೇ?"

"ಕೊಪ್ಪಳದ ಕಡೆ ಅಜ್ಜಿ."

ವಾಪಸು ಬರುವಾಗ ಬಿಸಿಲು ಬಂದಿತ್ತು. ಅಜ್ಜಿ ಖಾಲಿ ಬುಟ್ಟಿಯೊಳಗೆ ಅಂಗೈ ಇಟ್ಟುಕೊಂಡೇ ಕುಳಿತಿದ್ದರು. ತಿಂಡಿ ಬೇಡವೆಂದರು.

ಈಗಲೂ ಬೆಳಿಗ್ಗೆ ಸೌತೆಕಾಯಿ ಹೆಚ್ಚುತ್ತಾರೆ. "ತಳದಲ್ಲೇ ನಡ್ಕೊಂಡು ದಡ ಹತ್ತಿರಬಹುದಲ್ವೇನೇ?" ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಉಲ್ಲಾಳ ಕೆರೆಯ ಸುತ್ತ ವಾಕಿಂಗ್ ಮಾಡುವವರು ಯಾರಾದರೂ ಚಿಪ್ಪಿನ ಬಲ ಅಂಚು ಮುರಿದ ನಕ್ಷತ್ರದ ಆಮೆಯನ್ನು ಕಂಡಿದ್ದರೆ, ಅಥವಾ ಅಂಥ ಆಮೆ ನೀರಿನಿಂದ ಎದ್ದು ಬರಬಲ್ಲದೇ ಎಂಬುದನ್ನು ಬಲ್ಲವರಿದ್ದರೆ, ದಯವಿಟ್ಟು ಬರೆದು ತಿಳಿಸಿ. ಉತ್ತರ ‘ಇಲ್ಲ’ ಎಂದಾದರೂ ಸರಿ, ಬರೆಯಿರಿ. ಅಜ್ಜಿಗೆ ಹೇಗೆ ಹೇಳುವುದೆಂದು ಆಗ ಯೋಚಿಸುತ್ತೇನೆ.