ಸ್ಕೌಮಲ್ ಬಿಡದ ಸೇತುವೆ

ಮೆತೊಡೆಯ್ ಸ್ಕೌಮಲ್‌ನನ್ನು ನನ್ನ ಅಂಗಡಿಗೆ ಬಂದ ಮಾಲಿನಂತೆ ತೂಗಿದರೆ ಸಿಗುವುದಿಷ್ಟು: ಮೂಳೆ ಜಾಸ್ತಿ, ಮಾತಿನಲ್ಲಿ ಖಾರ ಜಾಸ್ತಿ, ನಗುವಿನ ದಾಸ್ತಾನು ಶೂನ್ಯ. ನಮ್ಮೂರ ಸ್ವ್ರಾಟ್ಕಾ ಹೊಳೆಗೆ ಹೊಸ ಕಾಲುಸೇತುವೆ ಕಟ್ಟುತ್ತಿದ್ದಾಗ ಇವನೇ ಗಾರೆ ಮೇಸ್ತ್ರಿ, ಇವನೇ ಕಾವಲು. ಕಾವಲಿಗೆ ನಾಯಿಯೊಂದೇ ಸಾಕಾಗಿತ್ತು. ಇವನು ನಾಯಿಯ ಜೊತೆ ಕುರ್ಚಿಯನ್ನೂ ತಂದು ಸೇತುವೆಯ ಬಾಯಿಗೆ ಅಡ್ಡ ಹಾಕಿದ.

ಸೇತುವೆಗೆ ಕಂಬವಿಲ್ಲ, ಕಮಾನಿಲ್ಲ. ಎರಡೂ ದಡದ ಬಂಡೆಗೆ ಉಕ್ಕಿನ ಹಗ್ಗ ಬಿಗಿದು, ಅದರ ಮೇಲೆ ಕಾಂಕ್ರೀಟ್ ಹಲಗೆಗಳನ್ನು ಸಾಲಾಗಿ ಜಾರಿಸಿ ಕೂರಿಸಿದ್ದರು. ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಸ್ವಲ್ಪ ಜೋಲು. ಶುಕ್ರವಾರ ಸಂದುಗಳಿಗೆ ಗಾರೆ ತುಂಬಿದ್ದರು. ಭಾನುವಾರ ಊರಹಬ್ಬ. ಕುಣಿಯುವ ಬಯಲು ಆಚೆ ದಡದಲ್ಲಿ, ನನ್ನ ಬಿಯರ್ ಡೇರೆಯೂ ಅಲ್ಲೇ. ಮೆರವಣಿಗೆಯ ಮುಂದಾಳು ನನ್ನ ಮಗಳು ಜ್ದಿಸ್ಲಾವಾ.

ಶನಿವಾರ ಸ್ಕೌಮಲ್ ತಂಬಾಕಿಗೆ ಬಂದಾಗ ಕೇಳಿದೆ: "ನಾಳೆ ದಾರಿ ಬಿಡಯ್ಯಾ. ಹಲಗೆ ಎಲ್ಲಾ ಕೂತಿದೆಯಲ್ಲ, ಇನ್ನೇನು ಬೇಕು?"

"ನೀನೂ ಅಂಗಡೀಲಿ ಕೂತಿದೀಯ. ಕೆಲಸ ಆಗ್ತಿದೆಯಾ?"

ಉತ್ತರಕ್ಕೂ ಕಾಯದೆ ಆರು ಸಕ್ಕರೆ ಡಬ್ಬಿ ಸಾಲಾಗಿಟ್ಟು, ಎರಡೂ ತುದಿಯಿಂದ ಅಂಗೈಯಲ್ಲಿ ಒತ್ತಿ ಎತ್ತಿದ. ಆರೂ ಒಂದೇ ಹಲಗೆಯಂತೆ ಗಾಳಿಯಲ್ಲಿ ನಿಂತವು. ಕೈ ಸಡಿಲಿಸಿದ. ಎಲ್ಲ ಬಿದ್ದು ಒಂದು ಒಡೆಯಿತು.

"ಗಾರೆ ಗಟ್ಟಿಯಾಗ್ಬೇಕು. ಆಮೇಲೆ ಒಳಗಡೆ ಇನ್ನೊಂದು ಸಾಲು ಹಗ್ಗ ಎಳೆದು ಎಲ್ಲಾನೂ ಹೀಗೆ ಅದುಮ್ತೀವಿ. ಆಗ ಅದು ಸೇತುವೆ. ಈಗ ಬರೀ ಹಾರ."

"ಒಡೆದ ಸಕ್ಕರೆ ಯಾರು ಕೊಳ್ತಾರೆ?"

"ನೀನು ಮಾರ್ತೀಯ ಬಿಡು, ಗೊತ್ತಿಲ್ವಾ ನನಗೆ!"

ಭಾನುವಾರ ವಾದ್ಯದವರು ಬಂದರು, ಹಿಂದೆ ಊರೇ ಬಂತು. ಕುರ್ಚಿಯಿಂದ ಅವನು ಏಳಲಿಲ್ಲ. "ಮುದುಕನಿಗೆ ಸೇತುವೆ ಹೆಂಡ್ತಿ ಆಗ್ಬಿಟ್ಟಿದೆ" ಎಂದ ವಾದ್ಯದವರಲ್ಲಿ ದೊಡ್ಡ ಕಹಳೆ ಊದುವವನು. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ. ನಾಯಿಗೊಂದು ಸಾಸೇಜ್ ಎಸೆದು, ಎರಡು ಬಿಯರ್ ಪೀಪಾಯಿ ಹೇರಿದ ಕೈಗಾಡಿಯನ್ನು ಅವನ ಪಕ್ಕದಿಂದಲೇ ತಳ್ಳಿಕೊಂಡು ನುಗ್ಗಿದೆ. "ನೋಡ್ರಪ್ಪಾ, ಏನೂ ಆಗಲ್ಲ!"

ಇಪ್ಪತ್ತು ಹೆಜ್ಜೆ ಹೋದೆ. ಗಾಡಿಯ ಕೆಳಗೆ ಸೇತುವೆ ಜಗ್ಗಿತು, ಮುಂದೆ ಅಷ್ಟೇ ಎತ್ತರ ಉಬ್ಬಿತು. ಹಲಗೆಗಳು ಹಲ್ಲು ಕಡಿದವು. ಸಂದಿನ ಗಾರೆ ಪುಡಿಯಾಗಿ ನೀರಿಗೆ ಸುರಿಯಿತು. ಅಂಚಿನ ಕಟಾಂಜನವನ್ನು ಇನ್ನೂ ಹಾಕಿರಲಿಲ್ಲ. ಒಂದು ಪೀಪಾಯಿ ಹಿಂದೆ ಮುಂದೆ ನೋಡದೆ ಹೊಳೆಗೆ ಹೋಯಿತು. ನಾನು ನಾಲ್ಕು ಕಾಲಿನ ಪ್ರಾಣಿಯಾದೆ.

ಹಿಂದೆ ಡೋಲು ನಿಂತಿರಲಿಲ್ಲ. ಜ್ದಿಸ್ಲಾವಾ ಅಪ್ಪನನ್ನು ಹಿಡಿಯಲು ಓಡಿಬಂದಳು, ಅವಳ ಹಿಂದೆ ನೂರೈವತ್ತು ಜನ ನುಗ್ಗಿದರು. ಸ್ಕೌಮಲ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿಯನ್ನು ಅಡ್ಡ ಹಿಡಿದು, ಅವಳ ತೋಳು ಹಿಡಿದೆಳೆದು, ಗುಂಪಿಗೆ ಎದೆಯೊಡ್ಡಿ ನಿಂತ.

"ಒಬ್ರೂ ಮುಂದೆ ಬರ್ಬೇಡಿ! ಲೋ, ವ್ಯಾಪಾರಿ, ಮಲಗು! ಹೊಟ್ಟೆ ಮೇಲೆ ತೆವಳ್ಕೊಂಡು ಬಾ. ಹಬ್ಬದ ಕೋಟಲ್ವಾ, ಹಾಳಾಗ್ಲಿ."

ಊರ ಕಣ್ಣೆದುರು ತೆವಳಿದೆ. ಸಂದು ಕೆದರಿ ಮತ್ತೆ ತುಂಬಲು ಅವನಿಗೆ ಮೂರು ವಾರ ಹಿಡಿಯಿತು. ಅಷ್ಟು ದಿನವೂ ದಿನಕ್ಕೆ ಎರಡು ಬಾರಿ ಅಂಗಡಿಯ ಮುಂದೆ ನಿಂತು ಪೀಪಾಯಿ ಎಲ್ಲಿಗೆ ಮುಟ್ಟಿತು ಎಂದು ಕೇಳಿದ. ಈಗ ಮುನ್ನೂರು ಜನ ಕುಣಿದರೂ ಸೇತುವೆ ಮಿಸುಕದು, ಅವನೂ ನಗುವುದಿಲ್ಲ.

ಅಂದು ನನ್ನ ಮಗಳು ದಡದಲ್ಲೇ ಉಳಿದದ್ದು ಅವನಿಂದ. ಅವಳ ಜೀವ ಉಳಿದದ್ದಕ್ಕೆ ನಾನು ಸ್ಕೌಮಲ್‌ಗೆ ಋಣಿ.